ಮುದಿ ಬೆಕ್ಕಿಗೆ ತಾತ್ಕಾಲಿಕ ಆಸರೆ: ಉಚ್ಚೆ ಅತಿಯಾದಾಗ ಏನು ಮಾಡಬೇಕು

ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಇರುವುದು ಒಂದು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಅದರೊಳಗೆ ನಾನು, ನಮ್ಮ ಯಜಮಾನರು, ಅತ್ತೆ. ಕಳೆದ ಮಳೆಗಾಲದಲ್ಲಿ ನಾಲ್ಕನೆಯವಳಾಗಿ ಬಂದವಳು ಮಾವಶಿ, ಹದಿಮೂರು ವರ್ಷದ ಬೂದುಪಟ್ಟೆಯ ಬೆಕ್ಕು. ಮರಾಠಿಯಲ್ಲಿ ಬೆಕ್ಕನ್ನು ಹುಲಿಯ ಮಾವಶಿ, ಅಂದರೆ ಹುಲಿಯ ಚಿಕ್ಕಮ್ಮ ಎನ್ನುತ್ತಾರೆ. ಹಾಗೆ ಹೆಸರಿಟ್ಟು ಸಾಕಿದ್ದ ಅಜ್ಜಿ ತೀರಿಕೊಂಡಿದ್ದರು, ಮಕ್ಕಳು ಪರದೇಶದಲ್ಲಿದ್ದರು. ‘ಎರಡು ತಿಂಗಳು ಇಟ್ಟುಕೊಳ್ಳಿ, ಅಷ್ಟರಲ್ಲಿ ಮನೆ ಹುಡುಕುತ್ತೇವೆ’ ಎಂದು ತಂದವರು ಹೇಳಿದರು. ಚಪ್ಪಲಿ ಹಾಕಿಕೊಳ್ಳುತ್ತಾ, ‘ಸ್ವಲ್ಪ ಸುಸ್ಸು ಜಾಸ್ತಿ’ ಎಂದು ಸೇರಿಸಿದರು.

ಆ ‘ಸ್ವಲ್ಪ’ ಎಷ್ಟು ಎಂದು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು. ನಿಮಗೆ ಮೂರು ದಿನ ಸಾಕಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬರಹದ ತುಂಬ ಉಚ್ಚೆ ಎಂಬ ಮಾತು ಬರುತ್ತದೆ. ಮೂತ್ರ ಎಂಬ ಸಭ್ಯ ಪದವನ್ನು ಪ್ರಯೋಗಾಲಯದ ಚೀಟಿಗೆ ಬಿಟ್ಟಿದ್ದೇನೆ.

ಒಪ್ಪಿಕೊಳ್ಳುವ ಮುನ್ನ

ಮುದಿ ಬೆಕ್ಕನ್ನು ತಂದುಕೊಡುವವರು ಅವಸರದಲ್ಲಿರುತ್ತಾರೆ. ನೀವು ಅವಸರಪಡಬೇಡಿ. ವಯಸ್ಸು, ತೂಕ, ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಹಿಂದಿನ ರಕ್ತಪರೀಕ್ಷೆ, ಈಗ ಕೊಡುತ್ತಿರುವ ಔಷಧಿ, ತಿನ್ನುತ್ತಿದ್ದ ಆಹಾರ, ಬಳಸುತ್ತಿದ್ದ ಲಿಟರ್ (ಬೆಕ್ಕಿನ ಉಚ್ಚೆ ಹೀರಲು ಟ್ರೇಗೆ ಹಾಕುವ ಪುಡಿ), ಇಷ್ಟನ್ನು ಕೇಳಿ ಬರೆದುಕೊಳ್ಳಿ. ಸ್ಟಿರಾಯ್ಡ್ ಚುಚ್ಚುಮದ್ದು ಇತ್ತೀಚೆಗೆ ಆಗಿದೆಯೇ ಎಂದು ಬಿಡಿಸಿ ಕೇಳಿ. ಅದು ಬಾಯಾರಿಕೆಯನ್ನೂ ಉಚ್ಚೆಯನ್ನೂ ಹೆಚ್ಚಿಸಬಲ್ಲದು, ಕೆಲವು ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆಯನ್ನೇ ಎಬ್ಬಿಸಬಲ್ಲದು.

ಆಮೇಲೆ ಹಣದ ಮಾತು. ವೈದ್ಯರ ಖರ್ಚು ಯಾರದು, ಎಷ್ಟರವರೆಗೆ, ನಡುರಾತ್ರಿ ತುರ್ತು ಬಂದರೆ ನಿರ್ಧಾರ ಯಾರದು, ಎರಡು ತಿಂಗಳಲ್ಲಿ ಮನೆ ಸಿಗದಿದ್ದರೆ ಮುಂದೇನು? ವಾಟ್ಸ್ಆಪ್‌ನಲ್ಲಾದರೂ ಲಿಖಿತವಾಗಿ ಪಡೆಯಿರಿ. ನಮ್ಮವರಿಗೆ ಇಂಥದ್ದನ್ನು ಕೇಳಲು ಸಂಕೋಚ. ಸಂಕೋಚದ ಬೆಲೆ ಮೂರನೆಯ ವಾರದಲ್ಲಿ ಬಿಲ್ಲಿನ ರೂಪದಲ್ಲಿ ಬರುತ್ತದೆ.

ಸೊಸೈಟಿಯವರು ತಕರಾರು ತೆಗೆದರೆ ಹೆದರಬೇಕಿಲ್ಲ. ಸಾಕುಪ್ರಾಣಿಗಳನ್ನು ವಸತಿ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸುತ್ತೋಲೆಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಮೆಟ್ಟಿಲಿಗೆ ವಾಸನೆ ಬಂದರೆ ಸುತ್ತೋಲೆ ನಿಮ್ಮನ್ನು ಕಾಯುವುದಿಲ್ಲ, ಚೊಕ್ಕಟ ಕಾಯುತ್ತದೆ.

ಜಾಗ ಸಿದ್ಧಪಡಿಸುವುದು

ಮೊದಲ ಎರಡು ವಾರ ಒಂದೇ ಕೋಣೆಯಲ್ಲಿಡಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಇದು ಕಡ್ಡಾಯ, ಏಕೆಂದರೆ ಸೋಂಕು ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಬೆಕ್ಕಿಲ್ಲದಿದ್ದರೂ ಹಾಗೆಯೇ ಮಾಡಿ. ಹೊಸ ಮನೆಯ ಮೂಲೆ ಮೂಲೆಯನ್ನೂ ಒಮ್ಮೆಗೇ ಎದುರಿಸುವ ತ್ರಾಣ ಮುದಿ ಬೆಕ್ಕಿಗಿರುವುದಿಲ್ಲ. ಕಿಟಕಿಗೆ, ಬಾಲ್ಕನಿಗೆ ಬಲೆ ಇರಲೇಬೇಕು. ಮುಂಬಯಿಯಲ್ಲಿ ಪಾರಿವಾಳಕ್ಕೆಂದು ಹಾಕಿಸುವ ನೈಲಾನ್ ಬಲೆಯೇ ಸಾಕು, ಅಂಚುಗಳು ಸಡಿಲವಾಗಿವೆಯೇ ಎಂದು ಕೈಯಿಂದ ಎಳೆದು ನೋಡಿ.

ಇನ್ನು ಲಿಟರ್ ಟ್ರೇ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಬೇಕು ಎಂಬುದು ಹಳೆಯ ನಿಯಮ. ಆದ್ದರಿಂದ ಒಂದು ಬೆಕ್ಕಿಗೆ ಎರಡು. ಟ್ರೇ ಬೆಕ್ಕಿನ ದೇಹದ ಒಂದೂವರೆಯಷ್ಟು ಉದ್ದವಿರಲಿ. ಅಂಗಡಿಯ ಚೆಂದದ ಮುಚ್ಚಳದ ಪೆಟ್ಟಿಗೆಗಳನ್ನು ನಾನು ಕೊಳ್ಳುವುದಿಲ್ಲ. ಒಳಗೆ ವಾಸನೆ ನಿಲ್ಲುತ್ತದೆ, ಮಂಡಿ ನೋವಿನ ಬೆಕ್ಕು ಹತ್ತಿ ಇಳಿಯಲಾರದು. ಚಪ್ಪಟೆಯಾದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದು ಒಂದು ಬದಿಯನ್ನು ಬಿಸಿ ಚಾಕುವಿನಿಂದ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿ. ಅಂಚನ್ನು ಉಜ್ಜುಕಾಗದದಿಂದ ನುಣುಪು ಮಾಡಿ. ಒಟ್ಟು ಅರ್ಧ ಗಂಟೆಯ ಕೆಲಸ.

ಟ್ರೇಯ ಕೆಳಗೂ ಸುತ್ತಲೂ ಹಾಸಲು ಮೆಡಿಕಲ್ ಅಂಗಡಿಯಲ್ಲಿ ಹಾಸಿಗೆ ಹಿಡಿದ ರೋಗಿಗಳಿಗೆಂದು ಸಿಗುವ ಅಂಡರ್‌ಪ್ಯಾಡ್ ತನ್ನಿ. ನಾಯಿಮರಿಗಳ ಪ್ಯಾಡಿನ ಕೆಲಸವನ್ನೇ ಅದೂ ಮಾಡುತ್ತದೆ, ಎಲ್ಲ ಬಡಾವಣೆಯಲ್ಲೂ ಸಿಗುತ್ತದೆ. ಲಿಟರ್ ಮಾತ್ರ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣಿನದೇ ಆಗಿರಲಿ, ಸುಗಂಧವಿಲ್ಲದ್ದು. ಮರದ ಪುಡಿಯಲ್ಲೋ ಹಳೆಯ ಪತ್ರಿಕೆಯ ಚೂರುಗಳಲ್ಲೋ ಉಚ್ಚೆ ಹರಡಿಹೋಗುತ್ತದೆ, ಅಳೆಯಲು ಏನೂ ಉಳಿಯುವುದಿಲ್ಲ. ಜುಲೈ ತಿಂಗಳಲ್ಲಿ ತೆರೆದಿಟ್ಟ ಚೀಲ ಗಾಳಿಯ ತೇವವನ್ನೇ ಕುಡಿದು ಪಾಯಸವಾಗುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಬಳಸಿದ ಲಿಟರನ್ನು ಕಮೋಡಿಗೆ ಹಾಕಬೇಡಿ. ಆ ಮಣ್ಣು ಕೊಳವೆಯೊಳಗೂ ಉಂಡೆ ಕಟ್ಟುತ್ತದೆ, ಆಗ ಕೆಳಮಹಡಿಯವರ ಪರಿಚಯ ಬೇಡವಾದ ರೀತಿಯಲ್ಲಿ ಆಗುತ್ತದೆ.

ಅಳತೆ

ಇಡೀ ಬರಹದಲ್ಲಿ ಒಂದನ್ನೇ ಓದುವಿರಾದರೆ ಈ ಭಾಗವನ್ನು ಓದಿ.

‘ಬೆಕ್ಕು ತುಂಬ ಉಚ್ಚೆ ಮಾಡುತ್ತದೆ’ ಎಂಬ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಹೆಚ್ಚು ಪ್ರಮಾಣ ಹೋಗುವುದು ಒಂದು. ಚೂರು ಚೂರಾಗಿ ಹತ್ತಾರು ಬಾರಿ ಹೋಗುವುದು ಇನ್ನೊಂದು. ಟ್ರೇ ಬಿಟ್ಟು ಹಾಸಿಗೆಯ ಮೇಲೆ ಹೋಗುವುದು ಮತ್ತೊಂದು. ಮೊದಲನೆಯದಕ್ಕೆ ಹೆಚ್ಚಾಗಿ ಮೂತ್ರಪಿಂಡ, ಸಕ್ಕರೆ, ಥೈರಾಯ್ಡ್ ಕಾರಣ. ಎರಡನೆಯದು ಮೂತ್ರಕೋಶದ ಉರಿ, ಹರಳು, ಸೋಂಕು. ಮೂರನೆಯದು ಇವುಗಳಲ್ಲಿ ಯಾವುದೂ ಆಗಬಹುದು, ಮಂಡಿ ನೋವೂ ಆಗಬಹುದು, ಕೊಳಕು ಟ್ರೇಯೂ ಆಗಬಹುದು. ಯಾವುದು ಎಂದು ಹೇಳದೆ ವೈದ್ಯರ ಮುಂದೆ ಕೂತರೆ ಅವರೂ ಊಹೆಯಿಂದಲೇ ಆರಂಭಿಸಬೇಕಾಗುತ್ತದೆ.

ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತು ಮುಕ್ಕಿ, ಹನಿಯೂ ಬಾರದೆ ಎದ್ದರೆ ಇಲ್ಲಿಗೇ ಓದು ನಿಲ್ಲಿಸಿ ಆಸ್ಪತ್ರೆಗೆ ಓಡಿ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ಅದಕ್ಕೆ ಮನೆಮದ್ದಿಲ್ಲ.

ಉಂಡೆ ಅಳೆಯುವ ಉಪಾಯ ನನ್ನದು. ಹೊಸ ಲಿಟರ್ ಹಾಕಿದ ಟ್ರೇಯಲ್ಲಿ ದೂರ ದೂರವಾಗಿ 20, 40, 60 ಮಿಲಿಲೀಟರ್ ನೀರನ್ನು ಸಿರಿಂಜಿನಿಂದ ಸುರಿಯಿರಿ. ಗಟ್ಟಿಯಾದ ಮೇಲೆ ಒಂದೊಂದನ್ನೂ ಅಡುಗೆ ತಕ್ಕಡಿಯಲ್ಲಿ ತೂಗಿ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯವಿಟ್ಟು ಚಿತ್ರ ತೆಗೆಯಿರಿ. ನಿಮ್ಮ ಮನೆಯ ಲಿಟರಿಗೆ ಇದೇ ಅಳತೆಗೋಲು. ಅಂದಿನಿಂದ ಟ್ರೇಯಲ್ಲಿ ಸಿಗುವ ಪ್ರತಿ ಉಂಡೆಯ ತೂಕವನ್ನು ಇದಕ್ಕೆ ಹೋಲಿಸಿ ಅಂದಾಜು ಮಿಲಿಲೀಟರ್ ಬರೆಯಿರಿ. (ಉಂಡೆಗೊಂದು ಬೇರೆ ತಕ್ಕಡಿ ಕೊಳ್ಳುವುದು ಮನೆಯ ಶಾಂತಿಗೆ ಒಳ್ಳೆಯದು. ಶ್ಯಾವಿಗೆ ತೂಗುವ ತಕ್ಕಡಿಯನ್ನು ನಾನು ಎತ್ತಿಕೊಂಡದ್ದನ್ನು ಅತ್ತೆ ಇನ್ನೂ ಮರೆತಿಲ್ಲ.)

ಆರೋಗ್ಯವಂತ ಬೆಕ್ಕಿನ ಉಚ್ಚೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 20ರಿಂದ 40 ಮಿಲಿಲೀಟರ್. 50 ದಾಟಿದರೆ ಅತಿ ಎನ್ನುತ್ತಾರೆ. ನಾಲ್ಕು ಕಿಲೋ ಬೆಕ್ಕಿಗೆ ಅದು 200 ಮಿಲಿಲೀಟರ್. ಮಾವಶಿ 3.2 ಕಿಲೋ. ಮೂರು ದಿನದ ಸರಾಸರಿ 240. ‘ಸ್ವಲ್ಪ’ದ ನಿಜಸ್ವರೂಪ ಅದು.

ನೀರನ್ನೂ ಅಳೆಯಿರಿ. ಬೆಳಿಗ್ಗೆ ಬಟ್ಟಲುಗಳಿಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಫ್ಯಾನಿನ ಗಾಳಿಗೆ ಆರಿಹೋಗುವ ನೀರೂ ಇದೆಯಲ್ಲ. ಬೆಕ್ಕಿಗೆ ಸಿಗದ ಎತ್ತರದಲ್ಲಿ ಅಂಥದೇ ಇನ್ನೊಂದು ಬಟ್ಟಲಿಟ್ಟು ಅದರಲ್ಲಿ ಎಷ್ಟು ಇಳಿಯಿತೋ ಅಷ್ಟನ್ನು ಲೆಕ್ಕದಿಂದ ಬಿಡಿ. ಕಿಲೋಗೆ 100 ಮಿಲಿಲೀಟರ್ ಮೀರಿ ಕುಡಿಯುತ್ತಿದ್ದರೆ ಅನುಮಾನಕ್ಕೆ ಜಾಗವಿಲ್ಲ. ತೇವದ ಆಹಾರ ತಿನ್ನುವ ಬೆಕ್ಕು ಅದರ ಅರ್ಧದಷ್ಟು ಕುಡಿದರೂ ವೈದ್ಯರಿಗೆ ಹೇಳಬೇಕು. ವಾರಕ್ಕೊಮ್ಮೆ ತೂಕ: ಮನುಷ್ಯರ ತಕ್ಕಡಿಯ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯುವುದಕ್ಕಿಂತ, ಬೆಕ್ಕನ್ನು ಚೀಲದಲ್ಲಿ ಕೂರಿಸಿ ಲಗೇಜು ತೂಗುವ ಕೊಕ್ಕೆಗೆ ಹಾಕುವುದು ಹೆಚ್ಚು ನಿಖರ.

ಈಗ ನನ್ನ ತಪ್ಪು. ಮೊದಲ ವಾರ, ರಾತ್ರಿ ಹತ್ತರ ನಂತರ ನೀರಿನ ಬಟ್ಟಲು ಎತ್ತಿಟ್ಟೆ. ಕುಡಿಯದಿದ್ದರೆ ಉಚ್ಚೆಯೂ ಇಲ್ಲ ಎಂಬ ಲೆಕ್ಕ. ಮೂರನೆಯ ಬೆಳಿಗ್ಗೆ ಮಾವಶಿ ಬಚ್ಚಲಿನ ಒದ್ದೆ ನೆಲ ನೆಕ್ಕುತ್ತಿದ್ದಳು, ಒಸಡು ಅಂಟಂಟಾಗಿತ್ತು. ಇಂಥ ಬೆಕ್ಕು ಕುಡಿಯುವುದರಿಂದ ಉಚ್ಚೆ ಮಾಡುವುದಲ್ಲ, ಉಚ್ಚೆ ತಡೆಯಲಾಗದೆ ನೀರು ಸೋರಿಹೋಗುವುದರಿಂದ ಕುಡಿಯುತ್ತದೆ. ನೀರು ಕಟ್ಟಿದರೆ ಸೋರಿಕೆ ನಿಲ್ಲುವುದಿಲ್ಲ, ತುಂಬಿಕೊಳ್ಳುವುದು ನಿಲ್ಲುತ್ತದೆ. ಎಷ್ಟೇ ಉಚ್ಚೆ ಮಾಡಲಿ, ಬಟ್ಟಲು ಒಣಗಬಾರದು. ಅಗಲ ಬಾಯಿಯ ಮೂರ್ನಾಲ್ಕು ಬಟ್ಟಲುಗಳನ್ನು ಟ್ರೇಯಿಂದ ದೂರ, ಊಟದ ತಟ್ಟೆಯಿಂದಲೂ ದೂರ ಇಡಿ. ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ವಾಸನೆ ಜೋರಾಗಿದ್ದರೆ ಕೆಲವು ಬೆಕ್ಕುಗಳು ಮುಟ್ಟುವುದಿಲ್ಲ, ಅಗಲ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಕೊಡಿ.

ವೈದ್ಯರ ಬಳಿ

ಮೂರು ದಿನದ ಲೆಕ್ಕ ಕೈಗೆ ಬಂದೊಡನೆ ಹೋಗಿ. ಬೆಕ್ಕು ಊಟ ಬಿಟ್ಟಿದ್ದರೆ ಮೂರು ದಿನವೂ ಕಾಯಬೇಡಿ. ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ, ಹತ್ತೊಂಬತ್ತನೆಯ ಶತಮಾನದ್ದು. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ತೆರೆಯಿತು. ಆದರೆ ಆಗಾಗ ಹೋಗಬೇಕಾದ ಕಾಯಿಲೆ ಇದು, ಆದ್ದರಿಂದ ಮನೆಗೆ ಹತ್ತಿರದ ಒಬ್ಬ ವೈದ್ಯರನ್ನು ಖಾಯಂ ಮಾಡಿಕೊಳ್ಳಿ. ಉಪನಗರದಿಂದ ಪರೇಲಿಗೆ ಹೊರಟರೆ ಮೊದಲೇ ಟ್ಯಾಕ್ಸಿ ಹಿಡಿಯಿರಿ, ಆಟೋ ಸಾಯನ್, ಬಾಂದ್ರಾಗಳಿಂದ ಆಚೆ ಹೋಗುವುದಿಲ್ಲ. ಮಳೆಯಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ನಡುದಾರಿಯಲ್ಲಿ ಗಾಡಿ ಬದಲಿಸುವುದು ಇಬ್ಬರಿಗೂ ಶಿಕ್ಷೆ. ಬುಟ್ಟಿಯೊಳಗೆ ಅಂಡರ್‌ಪ್ಯಾಡ್ ಹಾಸಿ, ಇನ್ನೊಂದನ್ನು ಚೀಲದಲ್ಲಿಟ್ಟುಕೊಳ್ಳಿ, ಮೇಲೆ ಹಳೆಯ ಪಂಚೆ ಹೊದಿಸಿ.

ಉಚ್ಚೆಯ ಮಾದರಿ ಬೇಕೆಂದರೆ ತೊಳೆದು ಒಣಗಿಸಿದ ಖಾಲಿ ಟ್ರೇಗೆ ಸ್ವಚ್ಛ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ. ಅವು ನೀರು ಹೀರುವುದಿಲ್ಲ, ಬೆಕ್ಕಿಗೆ ಕೆರೆಯಲು ಏನೋ ಸಿಕ್ಕಿತೆಂಬ ಸಮಾಧಾನ. ಸಿರಿಂಜಿನಲ್ಲಿ ಎಳೆದುಕೊಂಡು ಆದಷ್ಟು ಬೇಗ ತಲುಪಿಸಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಸೋಂಕು ನೋಡುವ ಕಲ್ಚರ್‌ಗೆ ಮಾತ್ರ ಇದು ನಡೆಯದು, ವೈದ್ಯರೇ ಮೂತ್ರಕೋಶದಿಂದ ಸೂಜಿಯಲ್ಲಿ ತೆಗೆಯುತ್ತಾರೆ.

ಸಾಮಾನ್ಯವಾಗಿ ಮಾಡಿಸುವುದು ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಷ್ಟೂ ಏರುವ ಅಂಶ), ಗ್ಲೂಕೋಸ್, ಪೊಟ್ಯಾಸಿಯಂ, ರಂಜಕ, ಕ್ಯಾಲ್ಸಿಯಂ ಮತ್ತು ಟಿ4 (ಥೈರಾಯ್ಡ್ ಹಾರ್ಮೋನು), ಮೂತ್ರದ ಸಾಂದ್ರತೆ, ಸಕ್ಕರೆ, ಪ್ರೋಟೀನ್, ಜೊತೆಗೆ ರಕ್ತದೊತ್ತಡ. ಸಾಂದ್ರತೆಯ ಅಂಕಿ 1.035ಕ್ಕಿಂತ ಮೇಲಿದ್ದರೆ ಮೂತ್ರಪಿಂಡ ನೀರು ಉಳಿಸುತ್ತಿದೆ ಎಂದು ಅರ್ಥ. ಮಾವಶಿಯದು 1.014.

ಅತ್ತೆಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ಪ್ರತಿ ಬಾರಿ ಮಾವಶಿಯೂ ಬಟ್ಟಲಿನ ಮುಂದಿರುವುದನ್ನು ನೋಡಿ, ‘ಇದಕ್ಕೂ ನನ್ನದೇ ರೋಗ ಕಣೇ’ ಎಂದು ತೀರ್ಪು ಕೊಟ್ಟಿದ್ದರು. ನಾನೂ ನಂಬಿದ್ದೆ. ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿತ್ತು, ಕ್ರಿಯಾಟಿನಿನ್ 3.1 ಇತ್ತು. ನೋಡಿ ಊಹಿಸಿದ ರೋಗಕ್ಕೆ ಔಷಧಿ ಶುರುಮಾಡಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನಲ್ಲಿಲ್ಲ.

ಕಾರಣ ತಿಳಿದ ಮೇಲೆ

ಮೂತ್ರಪಿಂಡ: ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ಎಣಿಸುತ್ತಾರೆ. ಕ್ರಿಯಾಟಿನಿನ್ 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು. ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ನಿಂತ ಮೇಲೆಯೇ ಮೂತ್ರ ತೆಳುವಾಗುವುದು, ಹಾಗಾಗಿ ನಾವು ಗಮನಿಸುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. ವಾಸಿಯಾಗುವುದಿಲ್ಲ, ನಿಧಾನವಾಗಿಸಬಹುದು. ರಂಜಕ ಕಡಿಮೆಯಿರುವ ಆಹಾರ ಇಲ್ಲಿ ಮುಖ್ಯ ಚಿಕಿತ್ಸೆ. ಆದರೆ ಬೆಕ್ಕು ಸುಸ್ತಾಗಿರುವಾಗ ಹೊಸ ಆಹಾರ ಹೇರಬೇಡಿ; ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಒಪ್ಪದೇ ಹೋದರೆ ಹಳೆಯದನ್ನೇ ತಿನ್ನಲಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೆಲವೇ ದಿನಗಳಲ್ಲಿ ಕೊಬ್ಬು ತುಂಬುತ್ತದೆ, ಅದು ಮೂತ್ರಪಿಂಡಕ್ಕಿಂತ ಬೇಗ ಕೊಲ್ಲುತ್ತದೆ.

ಕೆಲವರಿಗೆ ಮನೆಯಲ್ಲೇ ಚರ್ಮದಡಿ ಸಲೈನ್ ಕೊಡಲು ಕಲಿಸುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಮೊಳೆಗೆ ನೇತುಹಾಕಿ, ಭುಜಗಳ ನಡುವಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ ಬುಡದಲ್ಲಿ ಸೂಜಿ ಹಾಕುವುದು. ಮೊದಲ ಬಾರಿ ನನ್ನ ಕೈ ನಡುಗಿ ಅರ್ಧ ಸಲೈನ್ ನನ್ನ ಸೀರೆಗೇ ಹೋಯಿತು. ನೀರು ತುಂಬಿದ ಉಬ್ಬು ಕಾಲಿನ ಕಡೆಗೆ ಜಾರುತ್ತದೆ, ಗಾಬರಿ ಬೇಡ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದು ಪೂರ್ತಿ ವೈದ್ಯರದು. ಹೃದಯದ ತೊಂದರೆ ಇರುವ ಬೆಕ್ಕಿಗೆ ಇದೇ ಸಲೈನ್ ಉಸಿರು ಕಟ್ಟಿಸಬಹುದು.

ಸಕ್ಕರೆ: ಆಸ್ಪತ್ರೆಯ ಹೆದರಿಕೆಗೇ ಬೆಕ್ಕಿನ ಗ್ಲೂಕೋಸ್ ಏರುತ್ತದೆ. ಆದ್ದರಿಂದ ಒಂದೇ ಅಂಕಿಯನ್ನು ನಂಬದೆ ಫ್ರಕ್ಟೋಸಮಿನ್ ಎಂಬ ರಕ್ತಪರೀಕ್ಷೆ ಕೇಳಿ, ಅದು ಹಿಂದಿನ ಎರಡು ವಾರಗಳ ಸುಮಾರು ಚಿತ್ರ ಕೊಡುತ್ತದೆ. ಇನ್ಸುಲಿನ್ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ. ನಮ್ಮ ದೇಶದಲ್ಲಿ ಒಂದು ವಿಶೇಷ ಅಪಾಯವಿದೆ: ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ನೂ 100 ಯೂನಿಟ್ಟಿನದೂ ಎರಡೂ ಸಿಗುತ್ತವೆ, ಸಿರಿಂಜುಗಳೂ ಎರಡು ಬಗೆ, ಕೆಂಪು ಟೋಪಿ 40ಕ್ಕೆ, ಕಿತ್ತಳೆ ಟೋಪಿ 100ಕ್ಕೆ. ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ 100ರದ್ದು. ಅದನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ ಎಳೆದರೆ ಬೆಕ್ಕಿಗೆ ಎರಡೂವರೆ ಪಟ್ಟು ಹೋಗುತ್ತದೆ. ಅಂಗಡಿಯವರು ಕೊಟ್ಟದ್ದನ್ನು ಅಲ್ಲೇ ನಿಂತು ಓದಿ. ಊಟ ಮಾಡದ ದಿನ ವೈದ್ಯರನ್ನು ಕೇಳದೆ ಇನ್ಸುಲಿನ್ ಬೇಡ. ತೂರಾಡಿದರೆ, ನಡುಗಿದರೆ ಒಸಡಿಗೆ ಜೇನುತುಪ್ಪ ಸವರಿಕೊಂಡೇ ಆಸ್ಪತ್ರೆಗೆ ಹೊರಡಿ. ಬೇಗ ಚಿಕಿತ್ಸೆ ಸಿಕ್ಕು, ಪಿಷ್ಟ ಕಡಿಮೆಯ ತೇವದ ಆಹಾರ ಸಿಕ್ಕರೆ ಕೆಲವು ಬೆಕ್ಕುಗಳಿಗೆ ಕ್ರಮೇಣ ಇನ್ಸುಲಿನ್ನೇ ಬೇಡವಾಗುತ್ತದೆ, ಅತ್ತೆಗೆ ಇದನ್ನು ಕೇಳಿ ಹೊಟ್ಟೆಕಿಚ್ಚಾಯಿತು.

ಥೈರಾಯ್ಡ್: ತಿನ್ನುತ್ತಲೇ ಇರುತ್ತದೆ, ಸೊರಗುತ್ತಲೇ ಇರುತ್ತದೆ, ನಡುರಾತ್ರಿ ಕೂಗುತ್ತದೆ. ಔಷಧಿ ಶುರುವಾದ ಕೆಲವು ವಾರಕ್ಕೆ ಮೂತ್ರಪಿಂಡದ ಅಂಕಿಗಳನ್ನು ಮತ್ತೆ ನೋಡಬೇಕು, ಏಕೆಂದರೆ ಥೈರಾಯ್ಡಿನ ಅಬ್ಬರದಲ್ಲಿ ಮೂತ್ರಪಿಂಡದ ಸೋಲು ಮುಚ್ಚಿಹೋಗಿರುತ್ತದೆ.

ಊಟ

ನಮ್ಮದು ಮೀನು ಮಾಂಸ ಒಲೆಗೇರದ ಮನೆ. ಬೆಕ್ಕಿಗೆ ಮೊಸರನ್ನ ಹಾಕಿ ಸಾಕಿದ್ದೇವೆ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ; ಆ ಬೆಕ್ಕು ಹಿತ್ತಲಲ್ಲಿ ಇಲಿ ತಿಂದು ಬದುಕಿತ್ತು ಎಂಬುದನ್ನು ಅವರು ಹೇಳುವುದಿಲ್ಲ. ಬೆಕ್ಕಿಗೆ ಮಾಂಸವೇ ಬೇಕು. ಒಲೆಗೆ ಏರಿಸಲಾಗದವರಿಗೆ ಪೊಟ್ಟಣದ ತೇವದ ಆಹಾರವಿದೆ, ಅದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ಅದಕ್ಕೆ ಇನ್ನೆರಡು ಚಮಚ ಬಿಸಿನೀರು ಬೆರೆಸಿದರೆ ಮುದಿ ಮೂಗಿಗೂ ವಾಸನೆ ಹತ್ತುತ್ತದೆ. ಈರುಳ್ಳಿ ಬೆಳ್ಳುಳ್ಳಿ ಸೋಕಿದ ಸಾರು ಕೊಡಬಾರದು, ರಕ್ತಕಣ ಒಡೆಯುತ್ತದೆ. ಇಲ್ಲಿನ ಒಣ ಬೊಂಬಿಲ್ ಮೀನು ಬೆಕ್ಕಿಗೆ ಪ್ರಾಣ, ಆದರೆ ಉಪ್ಪಿನ ಗಣಿ. ಬೇಡ.

ವಾಸನೆ ಮತ್ತು ಶುಚಿ

ಫಿನೈಲ್ ಮನೆಯಿಂದ ಹೊರಗೆ. ನಮ್ಮ ಮನೆಗಳಲ್ಲಿ ಉಚ್ಚೆ ಕಂಡರೆ ಕೈ ತಾನಾಗಿ ಆ ಬಾಟಲಿಗೆ ಹೋಗುತ್ತದೆ. ಫಿನಾಲ್ ಇರುವ ದ್ರವಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಸಾಕು. ಅದೇ ದೌರ್ಬಲ್ಯದಿಂದ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಲ್ಲದು.

ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಹೀರಿ, ಉಜ್ಜಬೇಡಿ. ತಣ್ಣೀರು ಹಾಕಿ ಮತ್ತೆ ಹೀರಿ. ಆಮೇಲೆ ಎಂಜೈಮ್ ಇರುವ ದ್ರವ, ಅಥವಾ ಎಂಜೈಮ್ ಇರುವ ಬಟ್ಟೆ ಪುಡಿಯ ನೀರು ಹಾಕಿ ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಬ್ಲೀಚ್ ಹಾಕಬೇಡಿ, ಉಚ್ಚೆಯ ಅಮೋನಿಯಾ ಜೊತೆ ಸೇರಿ ಕೆಟ್ಟ ಅನಿಲ ಬರುತ್ತದೆ. ಹಾಸಿಗೆಗೆ ರಬ್ಬರ್ ಹಾಳೆ ಹೊದಿಸಿ, ಬಾಣಂತಿ ಮನೆಯ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೈಯಬೇಡಿ. ಬೈದರೆ ಅದು ಉಚ್ಚೆ ಬಿಡುವುದಿಲ್ಲ, ನಿಮ್ಮ ಕಣ್ಣಿಗೆ ಬೀಳುವುದನ್ನು ಬಿಡುತ್ತದೆ, ಆಮೇಲೆ ಮಂಚದ ಕೆಳಗೆ ಹುಡುಕಬೇಕು. ಟ್ರೇಯ ಉಂಡೆಗಳನ್ನು ದಿನಕ್ಕೆರಡು ಬಾರಿ ತೆಗೆಯಿರಿ. ಬಸುರಿಯರು ಆ ಕೆಲಸ ಮಾಡಬಾರದು.

ಇಡೀ ದಿನ ಊಟ ಬಿಟ್ಟರೆ, ವಾಂತಿ ನಿಲ್ಲದಿದ್ದರೆ, ಕತ್ತು ಎತ್ತಲಾಗದೆ ತಲೆ ಜೋತುಬಿದ್ದರೆ (ಪೊಟ್ಯಾಸಿಯಂ ಇಳಿದಿರಬಹುದು), ಕಣ್ಣಪಾಪೆ ಹಿಗ್ಗಿ ಗೋಡೆಗೆ ಡಿಕ್ಕಿ ಹೊಡೆದರೆ (ರಕ್ತದೊತ್ತಡ ಏರಿ ಕಣ್ಣು ಹೋಗಿರಬಹುದು), ಬೆಳಗಾಗಲಿ ಎನ್ನಬೇಡಿ.

ಒಪ್ಪಿಸುವಾಗ

ಮನೆ ಸಿಕ್ಕಾಗ ಕಾಯಿಲೆಯನ್ನು ಮುಚ್ಚಿಟ್ಟು ದಾಟಿಸಬೇಡಿ. ನನಗೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದನ್ನು ನೀವು ಕೂತು ಹೇಳಿ: ದಿನಕ್ಕೆ ಎಷ್ಟು ಉಂಡೆ, ತಿಂಗಳಿಗೆ ಎಷ್ಟು ಚೀಲ ಲಿಟರ್, ಔಷಧಿಗೆ ಎಷ್ಟು ಹಣ. ಓಡಿಹೋಗುವವರು ಅಲ್ಲೇ ಓಡಿಹೋಗಲಿ. ಒಪ್ಪಿದವರಿಗೆ ಅಳತೆಯ ಪುಸ್ತಕ, ಪರೀಕ್ಷೆಯ ಕಾಗದ, ಅದೇ ಟ್ರೇ, ಅದರಲ್ಲಿ ಎರಡು ಹಿಡಿ ಹಳೆಯ ಲಿಟರ್, ಅದು ಮಲಗುತ್ತಿದ್ದ ಬಟ್ಟೆ, ಹದಿನೈದು ದಿನದ ಆಹಾರ ಕೊಡಿ. ಔಷಧಿ ಕೊಡುವುದನ್ನು ನಿಮ್ಮ ಎದುರಿಗೇ ಎರಡು ಬಾರಿ ಮಾಡಿಸಿ.

ಮಾವಶಿ ಎರಡಲ್ಲ, ಏಳು ತಿಂಗಳು ಇದ್ದಳು. ಈಗ ಡೊಂಬಿವಲಿಯಲ್ಲಿ ನಿವೃತ್ತ ದಂಪತಿಯ ಮನೆಯಲ್ಲಿದ್ದಾಳೆ, ಅವರು ಧಾರವಾಡದ ಕಡೆಯವರು. ಬೆಳಿಗ್ಗೆ ಏಳಕ್ಕೆ ನನ್ನ ಮೊಬೈಲಿಗೆ ಬರುವ ಮೊದಲ ಚಿತ್ರ ಅವಳ ಉಚ್ಚೆಯ ಉಂಡೆಯದು, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ‘ನಿನ್ನೆಗಿಂತ ಸಣ್ಣದು’ ಎನ್ನುತ್ತಾರೆ.